ಮೊದಲ ಬೈಕು ಎಷ್ಟು ಸಿಸಿಯದ್ದಾಗಬೇಕು? ನಮ್ಮ ಮನೆಯ ಏರಿನಲ್ಲಿ ನಾನು ಕಂಡದ್ದು

ಬೈಕು ತಗೊಳ್ಳುತ್ತೇನೆ ಅಂತ ಮನೆಯಲ್ಲಿ ಹೇಳಿದ್ದೇ ತಡ, ಎಲ್ಲರದ್ದೂ ಒಂದೇ ಪ್ರಶ್ನೆ: ಎಷ್ಟು ಸಿಸಿಯದ್ದು? ಅಣ್ಣ 350 ಅಂದ. ದೊಡ್ಡಪ್ಪನ ಮಗ 200 ಅಂದ. ಆಫೀಸಿನಲ್ಲಿ ಪಕ್ಕದ ಮೇಜಿನವರು “ಹೆಂಗಸರಿಗೆ 100 ಧಾರಾಳ ಸಾಕು” ಅಂದರು. ನಮ್ಮ ಮನೆಗೆ ಹೋಗುವ ದಾರಿ ಹೇಗಿದೆ, ನನ್ನ ಎತ್ತರ ಎಷ್ಟು, ಹಿಂದೆ ಕೂರುವವರು ಯಾರು ಅಂತ ಒಬ್ಬರೂ ಕೇಳಲಿಲ್ಲ. ಆದರೆ ಸಿಸಿ ತೀರ್ಮಾನ ಮಾಡಬೇಕಾದದ್ದು ಈ ಮೂರರಿಂದಲೇ. ಬೈಕು ತಗೊಂಡು ಒಂದು ಮಳೆಗಾಲ ದಾಟಿದ ಮೇಲೆ ನನಗೆ ಅದು ಇನ್ನೂ ಗಟ್ಟಿಯಾಗಿದೆ.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಸ್ವಲ್ಪ ಒಳಗೆ. ಕೆಲಸ ವಿದ್ಯಾನಗರದಲ್ಲಿ. ಚೆರ್ಕಳ-ಕಲ್ಲಡ್ಕ ರಸ್ತೆ ಹಿಡಿದು ಬದಿಯಡ್ಕ, ಚೆರ್ಕಳ ದಾಟಿ ಹೋಗಬೇಕು. ಬಸ್ಸು ಉಂಟು. ಸಂಜೆ ಒಂದು ತಪ್ಪಿದರೆ ಮಾತ್ರ ಮನೆ ಮುಟ್ಟುವಾಗ ಕತ್ತಲೆ. ಡಾಮರು ರಸ್ತೆಯ ಬಗ್ಗೆ ನನಗೆ ಚಿಂತೆ ಇರಲಿಲ್ಲ. ರಸ್ತೆ ಬಿಟ್ಟು ಮನೆಗೆ ಹತ್ತುವ ಕೊನೆಯ ತುಂಡು ಉಂಟಲ್ಲ, ಅದೇ ವಿಷಯ. ಕಡಿದಾದ ಏರು, ನಡುವೆ ಒಂದು ಮೊಣಕೈ ತಿರುವು. ಕೆಳಗಿನ ಅರ್ಧ ಕಾಂಕ್ರೀಟು, ಮೇಲಿನ ಅರ್ಧ ಮುರಕಲ್ಲಿನ ದಾರಿ. ನಮ್ಮ ಕಡೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ನ ಹತ್ತಿರ ಮಳೆ ಬೀಳುತ್ತದೆ. ಅದರಲ್ಲಿ ಮುಕ್ಕಾಲು ಪಾಲಿಗೂ ಜಾಸ್ತಿ ಬರುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳು ಕಾಂಕ್ರೀಟಿನ ಮೇಲೆ ಹಾವಸೆ ಕಟ್ಟುತ್ತದೆ, ಮುರಕಲ್ಲಿನಲ್ಲಿ ನೀರು ಹರಿದು ಚಡಿ ಬೀಳುತ್ತದೆ.

ಸ್ಕೂಟರ್ ಯಾಕೆ ಬೇಡ ಅಂತ ಕೇಳಿದವರೂ ಇದ್ದಾರೆ. ಕಾರಣ ಆ ಚಡಿಗಳೇ. ಸ್ಕೂಟರಿನ ಚಕ್ರ ಹೆಚ್ಚಾಗಿ 10 ಅಥವಾ 12 ಇಂಚು. ಬೈಕಿನದ್ದು 17 ಅಥವಾ 18. ಸಣ್ಣ ಚಕ್ರ ಚಡಿಯೊಳಗೆ ಇಳಿಯುತ್ತದೆ, ದೊಡ್ಡದು ದಾಟಿ ಹೋಗುತ್ತದೆ. ಜೊತೆಗೆ ಅಪ್ಪನನ್ನು ಹಿಂದೆ ಕೂರಿಸಿಕೊಂಡು ಪುತ್ತೂರಿಗೆ, ಬದಿಯಡ್ಕಕ್ಕೆ ಹೋಗಿ ಬರುವುದು ಇದ್ದೇ ಇದೆ. ಹಾಗಾಗಿ ಬೈಕೇ ಆಗಬೇಕಿತ್ತು.

ಲೈಸೆನ್ಸಿನಿಂದ ಶುರು ಮಾಡಿದೆ. ಲರ್ನರ್ಸ್ ಸಿಕ್ಕಿ 30 ದಿನ ಕಳೆದ ಮೇಲೆ ಟೆಸ್ಟಿಗೆ ಹೋಗಬಹುದು. ಕೇರಳದಲ್ಲಿ ಬೈಕಿನ ಟೆಸ್ಟ್ ಅಂದರೆ ‘ಎಂಟು’. ನೆಲದಲ್ಲಿ ಎಂಟರ ಆಕಾರಕ್ಕೆ ಗೂಟ ನೆಟ್ಟಿರುತ್ತಾರೆ. ಕಾಲು ನೆಲಕ್ಕೆ ತಾಗಿಸದೆ, ಗೂಟಕ್ಕೆ ತಾಗದೆ ಸುತ್ತು ಮುಗಿಸಬೇಕು. ಮೊದಲೆಲ್ಲ ಇದಕ್ಕೆ ಬಜಾಜ್ ಎಂ80 ಬಳಸುತ್ತಿದ್ದರು. ಕೈಯಲ್ಲೇ ಗೇರು, ಹಗುರ, ತಿರುಗಿಸಲು ಸುಲಭ. ನಮ್ಮ ಅಣ್ಣನ ಕಾಲದವರೆಲ್ಲ ಅದರಲ್ಲೇ ಪಾಸಾದವರು. 2024ರ ಆಗಸ್ಟಿನಿಂದ ಅದನ್ನು ನಿಲ್ಲಿಸಿದರು. ಈಗ ಕಾಲಿನಲ್ಲಿ ಗೇರು ಹಾಕುವ, 95 ಸಿಸಿಗೆ ಕಡಿಮೆ ಇಲ್ಲದ ಬೈಕೇ ಆಗಬೇಕು. ಈ ಬದಲಾವಣೆಗೆ ಕೆಲವರು ಗೊಣಗಿದರು. ನನಗಂತೂ ಇದು ಒಳ್ಳೆಯದೇ ಆಯಿತು. ರಸ್ತೆಯಲ್ಲಿ ಓಡಿಸುವ ಜಾತಿಯ ಬೈಕಿನಲ್ಲೇ ಕಲಿತೆ.

ಎಂಟು ಹಾಕುವುದನ್ನು ಕಲಿಯುವಾಗಲೇ ಇಂಜಿನ್ ಗಾತ್ರದ ಮೊದಲ ಪಾಠ ಸಿಕ್ಕಿತು. ಅಲ್ಲಿ ವೇಗವೇ ಇಲ್ಲ. ಫಸ್ಟ್ ಗೇರಿನಲ್ಲಿ ಕ್ಲಚ್ಚನ್ನು ಅರ್ಧ ಬಿಟ್ಟು, ಹಿಂದಿನ ಬ್ರೇಕನ್ನು ಹಗುರವಾಗಿ ಒತ್ತಿ, ನಡಿಗೆಯ ವೇಗದಲ್ಲಿ ಸಾಗಬೇಕು. ಆಗ ಬೇಕಾದದ್ದು ಎರಡೇ: ಗಾಡಿಯ ತೂಕ ನಮ್ಮ ಹಿಡಿತದಲ್ಲಿರಬೇಕು, ಇಂಜಿನ್ ಕಡಿಮೆ ಸುತ್ತಿನಲ್ಲೂ ಆಫ್ ಆಗದೆ ಎಳೆಯಬೇಕು. ಟಾಪ್ ಸ್ಪೀಡ್ ಎಷ್ಟು ಅನ್ನುವುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಮನೆಯ ಏರಿನಲ್ಲೂ ಬೇಕಾದದ್ದು ಇದೇ ಅಲ್ವಾ?

ಲೈಸೆನ್ಸ್ ಕೈಗೆ ಬಂತು. ನಮ್ಮ ದೇಶದಲ್ಲಿ ಗೇರ್ ಬೈಕಿಗೆ ಒಂದೇ ಲೈಸೆನ್ಸ್. ಅದು ಸಿಕ್ಕಿದ ಮರುದಿನವೇ 100 ಸಿಸಿಯನ್ನೂ ಓಡಿಸಬಹುದು, 1000 ಸಿಸಿಯನ್ನೂ ಓಡಿಸಬಹುದು. ಯುರೋಪಿನಲ್ಲಿ ಹೀಗಿಲ್ಲ. ಅಲ್ಲಿ ಹದಿಹರೆಯದವರಿಗೆ ಸಿಗುವ ಎ1 ಲೈಸೆನ್ಸಿನಲ್ಲಿ 125 ಸಿಸಿ ಮತ್ತು 11 ಕಿಲೋವ್ಯಾಟ್ ದಾಟುವಂತಿಲ್ಲ. ಅದರ ಮೇಲಿನ ಎ2ನಲ್ಲಿ 35 ಕಿಲೋವ್ಯಾಟ್ ಮಿತಿ. ಜಪಾನಿನಲ್ಲೂ 400 ಸಿಸಿಯಿಂದ ಮೇಲಿನದ್ದಕ್ಕೆ ಬೇರೆಯೇ ಲೈಸೆನ್ಸ್ ಬೇಕು. ಇದನ್ನು ಓದಿದಾಗ ನನಗೆ ಯುರೋಪಿನ ಲೆಕ್ಕ ಬಹಳ ಹಿಡಿಸಿತು. ಅವರು ಸಿಸಿ ಒಂದನ್ನೇ ನೋಡುವುದಿಲ್ಲ. ಇಂಜಿನ್ ಕೊಡುವ ಶಕ್ತಿ, ಆ ಶಕ್ತಿಗೆ ಗಾಡಿಯ ತೂಕ ಎಷ್ಟು ಅನ್ನುವುದನ್ನೂ ನೋಡುತ್ತಾರೆ. 11 ಕಿಲೋವ್ಯಾಟ್ ಅಂದರೆ ಸುಮಾರು 15 ಎಚ್‌ಪಿ. ನಮ್ಮಲ್ಲಿ ಸರಕಾರ ಗೆರೆ ಎಳೆಯದಿದ್ದರೆ ಏನಂತೆ, ನಾನೇ ಎಳೆದುಕೊಳ್ಳಬಹುದು ಅನ್ನಿಸಿತು. 15 ಎಚ್‌ಪಿ ಒಳಗೆ, 140 ಕೆಜಿ ಒಳಗೆ ಅಂತ ಒಂದು ಚೀಟಿಯಲ್ಲಿ ಬರೆದಿಟ್ಟೆ.

ಸಿಸಿ ಅಂದರೆ ನಿಜವಾಗಿ ಎಂತ ಅಂತ ತೋರಿಸಿಕೊಟ್ಟವರು ಬದಿಯಡ್ಕದ ಒಬ್ಬ ಮೆಕಾನಿಕ್. ಊರಿನವರೆಲ್ಲ ಅವರನ್ನು ಇಚ್ಚ ಅಂತಲೇ ಕರೆಯುವುದು. ಅವತ್ತು ಒಂದು ಬೈಕಿನ ಇಂಜಿನ್ ಬಿಚ್ಚಿ ಹಳೆ ಪೇಪರಿನ ಮೇಲೆ ಹರಡಿಟ್ಟಿದ್ದರು. ಪಿಸ್ಟನ್ ತೆಗೆದು ಬಟ್ಟೆಯಲ್ಲಿ ಒರೆಸಿ ನನ್ನ ಕೈಗೆ ಕೊಟ್ಟರು. ಅಂಗೈಯಲ್ಲಿ ಕೂರುವಷ್ಟೇ ಇತ್ತು. “ಇದರ ಅಗಲ ಬೋರ್. ಒಳಗೆ ಎಷ್ಟು ಮೇಲೆ ಕೆಳಗೆ ಹೋಗ್ತದೆ, ಅದು ಸ್ಟ್ರೋಕ್. ಎರಡೂ ಸೇರಿ ಆಗುವ ಜಾಗವೇ ಸಿಸಿ. ಅಷ್ಟೇ ತಂಗೀ, ಅದು ಜಾಗದ ಲೆಕ್ಕ, ಜೋರಿನ ಲೆಕ್ಕ ಅಲ್ಲ” ಅಂದರು.

ಮನೆಗೆ ಬಂದು ಬೇರೆ ಬೇರೆ ಬೈಕುಗಳ ವಿವರ ತೆಗೆದು ನೋಡಿದೆ. ನನ್ನ ಕಣ್ಣು ತೆರೆಸಿದ ಒಂದು ಜೋಡಿಯನ್ನು ಇಲ್ಲಿ ಹೇಳಲೇಬೇಕು. ಬಜಾಜ್ ಪಲ್ಸರ್ ಎನ್‌ಎಸ್200 ಬೈಕಿನ ಬೋರ್ 72 ಮಿಲಿಮೀಟರ್. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರದ್ದೂ 72 ಮಿಲಿಮೀಟರ್! ಪಿಸ್ಟನ್ ಅಗಲ ಒಂದೇ. ಸ್ಟ್ರೋಕ್ ಮಾತ್ರ ಬೇರೆ. 200ರಲ್ಲಿ 49 ಮಿಲಿಮೀಟರ್, 350ರಲ್ಲಿ 85.8. ಈಗ ಶಕ್ತಿ ನೋಡಿ. 200 ಸಿಸಿಯದ್ದು ಸುಮಾರು 24 ಎಚ್‌ಪಿ, 350 ಸಿಸಿಯದ್ದು ಸುಮಾರು 20. ಸಣ್ಣ ಇಂಜಿನ್ನೇ ಜಾಸ್ತಿ ಎಚ್‌ಪಿ ಕೊಡುತ್ತದೆ. ಆದರೆ ಅದು ಬರುವುದು 9750 ಆರ್‌ಪಿಎಂನಲ್ಲಿ, ಅಂದರೆ ಇಂಜಿನ್ ನಿಮಿಷಕ್ಕೆ ಅಷ್ಟು ಸುತ್ತು ತಿರುಗಿ ಕಿರುಚುವಾಗ. 350 ತನ್ನ ಪೂರ್ತಿ ಟಾರ್ಕ್, ಅಂದರೆ ತಿರುಗಿಸುವ ಬಲ, 27 ನ್ಯೂಟನ್ ಮೀಟರ್, 4000 ಆರ್‌ಪಿಎಂನಲ್ಲೇ ಕೊಡುತ್ತದೆ. ಒಂದು ಮೂಟೆ ಹೊರುವ ಆಳು, ಇನ್ನೊಂದು ಓಟಗಾರ.

150ರ ಆಸುಪಾಸಿನಲ್ಲೂ ಇದೇ ಕಥೆ. ಒಂದೇ ಕಂಪೆನಿಯ ಯಮಹಾ ಎಫ್‌ಝೆಡ್ 149 ಸಿಸಿ, ಆರ್15 155 ಸಿಸಿ. ಇಂಜಿನ್ನಿನಲ್ಲಿ ಹೆಚ್ಚು ಕಡಿಮೆ ಆರೇ ಸಿಸಿ ವ್ಯತ್ಯಾಸ. ಎಚ್‌ಪಿ ನೋಡಿದರೆ ಎಫ್‌ಝೆಡ್‌ಗೆ ಸುಮಾರು 12, ಆರ್15ಗೆ 18. ‘150 ಸಿಸಿ ತಗೋ’ ಅಂತ ಸುಮ್ನೆ ಹೇಳುವವರು ಇವೆರಡರಲ್ಲಿ ಯಾವುದನ್ನು ಹೇಳುತ್ತಿದ್ದಾರೆ? ಹೊಸಬರು ಸಿಸಿಯ ಜೊತೆಗೆ ಎಚ್‌ಪಿ ಎಷ್ಟು ಅಂತ ಕೇಳಬೇಕು. ಟಾರ್ಕ್ ಎಷ್ಟು, ಅದು ಎಷ್ಟು ಆರ್‌ಪಿಎಂನಲ್ಲಿ ಸಿಗುತ್ತದೆ ಅಂತಲೂ ಕೇಳಬೇಕು. ನನಗೆ ಯಾರೂ ಹೇಳದ ಮಾತು ಇದು.

ಕಾಗದದ ಲೆಕ್ಕ ನೋಡಿದರೆ ಅಣ್ಣ ಹೇಳಿದ 350 ನಮ್ಮ ಏರಿಗೆ ಹೇಳಿ ಮಾಡಿಸಿದಂತಿತ್ತು. ಕಡಿಮೆ ಸುತ್ತಿನಲ್ಲಿ ಎಳೆಯುತ್ತದೆ, ಇನ್ನೇನು ಬೇಕು? ಅಣ್ಣ ಹಬ್ಬಕ್ಕೆ ಬಂದಾಗ ಅವನದ್ದನ್ನೇ ಹತ್ತಿ ನೋಡಿದೆ. ಅಂಗಳದಲ್ಲಿ ಅಡಿಕೆ ಹರಡಿತ್ತು, ಬೈಕು ಕೊಟ್ಟಿಗೆಯ ಪಕ್ಕದ ಮಾಡಿನ ಕೆಳಗೆ. ಅಲ್ಲಿಂದ ಹಿಂದಕ್ಕೆ ತೆಗೆಯಬೇಕು. ಸ್ಟ್ಯಾಂಡಿನಿಂದ ಎತ್ತಿ ನೆಟ್ಟಗೆ ಮಾಡುವಾಗಲೇ 195 ಕೆಜಿ ಅಂದರೆ ಏನು ಅಂತ ತೋಳಿಗೆ ಗೊತ್ತಾಯಿತು. ಸೀಟಿನ ಎತ್ತರ 805 ಮಿಲಿಮೀಟರ್. ನನ್ನ ಎತ್ತರ ಐದಡಿ ಎರಡಿಂಚು. ಸಪಾಟು ನೆಲದಲ್ಲಿ ಎರಡೂ ಪಾದದ ಮುಂಭಾಗ ಊರಿತು, ಹಿಮ್ಮಡಿ ಊರಲಿಲ್ಲ. ಅಂಗಳದ ಅಂಚಿನಲ್ಲಿ ನೆಲ ಸ್ವಲ್ಪ ಇಳಿಜಾರು. ಅಲ್ಲಿ ಎಡಗಾಲು ಬೆರಳ ತುದಿಗೆ ಬಂತು. ಅಣ್ಣ ಹಿಂದಿನಿಂದ ಹಿಡಿದುಕೊಂಡಿದ್ದ. ಓಡಿಸಿದೆ, ಮೇನ್ ರೋಡಿನಲ್ಲಿ ಅಷ್ಟು ಆರಾಮದ ಗಾಡಿ ಇನ್ನೊಂದಿಲ್ಲ. ತೂಕ ಇದೆ ಅನ್ನುವುದೇ ಮರೆತುಹೋಗುತ್ತದೆ. ನಿಂತ ಕೂಡಲೇ ಅದು ವಾಪಸು ಬರುತ್ತದೆ.

“ಒಂದು ತಿಂಗಳಲ್ಲಿ ಅಭ್ಯಾಸ ಆಗ್ತದೆ ಮಾರಾಯ್ತಿ” ಅಂದ ಅಣ್ಣ.

“ಅಭ್ಯಾಸ ಆಗುವ ಆ ತಿಂಗಳು ಜೂನ್ ಅಲ್ವಾ ಅಣ್ಣಾ?” ಅಂದೆ. ಅವನೂ ಒಪ್ಪಿದ. ತಿರುವಿನಲ್ಲಿ ಎದುರಿಗೆ ಜೀಪು ಬಂದು ನಿಲ್ಲಬೇಕಾದರೆ, ಹಾವಸೆಯ ಮೇಲೆ ಒಂದೇ ಕಾಲಿನಲ್ಲಿ ಅಷ್ಟು ತೂಕ ಹಿಡಿಯುವುದು ಹೊಸಬರ ಕೆಲಸವಲ್ಲ. ನಾಲ್ಕೈದು ವರ್ಷ ಓಡಿಸಿದ ಮೇಲೆ ನೋಡುವ.

ಇನ್ನೊಂದು ತುದಿ 100 ಸಿಸಿ. ನೆರೆಮನೆಯವರ ಸ್ಪ್ಲೆಂಡರ್ ಕೇಳಿ ತಂದೆ. 97.2 ಸಿಸಿ, ಸುಮಾರು 8 ಎಚ್‌ಪಿ, ತೂಕ 112 ಕೆಜಿ. ಸೀಟು 785 ಮಿಲಿಮೀಟರ್. ಕಾಲು ಚೆನ್ನಾಗಿ ಊರುತ್ತದೆ, ಸೈಕಲ್ಲು ಹಿಡಿದುಕೊಂಡ ಹಾಗೆ ತಿರುಗಿಸಬಹುದು. ಒಬ್ಬಳೇ ಏರು ಹತ್ತಿದೆ, ಏನೂ ತೊಂದರೆ ಇಲ್ಲ. ಮತ್ತೆ ಅಪ್ಪನನ್ನು ಕೂರಿಸಿಕೊಂಡು ಹೊರಟೆ. ಕೆಳಗಿನಿಂದ ಓಟದಲ್ಲಿ ಬಂದರೆ ಸರಿ, ತಿರುವಿನ ತನಕ ಬರುತ್ತದೆ. ತಿರುವಿನಲ್ಲಿ ಬೇಕಂತಲೇ ನಿಲ್ಲಿಸಿದೆ. ನನಗೆ ನೋಡಬೇಕಾಗಿದ್ದದ್ದು ಅಲ್ಲಿಂದ ಎಬ್ಬಿಸುವುದನ್ನೇ.

ಏರಿನಲ್ಲಿ ನಿಂತ ಬೈಕನ್ನು ಹೊರಡಿಸುವುದು ಹೀಗೆ. ಎಡಗಾಲು ನೆಲದಲ್ಲಿ. ಬಲಗಾಲು ಹಿಂದಿನ ಬ್ರೇಕಿನ ಮೇಲೆ, ಇಲ್ಲದಿದ್ದರೆ ಗಾಡಿ ಹಿಂದಕ್ಕೆ ಜಾರುತ್ತದೆ. ಆಕ್ಸಿಲರೇಟರ್ ಕೊಟ್ಟು ಕ್ಲಚ್ ನಿಧಾನ ಬಿಡುತ್ತಾ ಬಂದರೆ ಒಂದು ಜಾಗದಲ್ಲಿ ಗಾಡಿಯ ಮುಂಭಾಗ ಸ್ವಲ್ಪ ಎದ್ದ ಹಾಗೆ ಆಗಿ ಇಂಜಿನ್ ಸದ್ದು ದಪ್ಪವಾಗುತ್ತದೆ. ಕ್ಲಚ್ ಹಿಡಿಯಿತು ಅಂತ ಅರ್ಥ. ಆಗ ಬ್ರೇಕ್ ಬಿಡಬೇಕು. 8 ನ್ಯೂಟನ್ ಮೀಟರ್ ಟಾರ್ಕಿನ ಇಂಜಿನ್ನಿಗೆ ಇಬ್ಬರ ಭಾರ, ಅಪ್ಪನ ಕೈಯಲ್ಲಿ ತೆಂಗಿನಕಾಯಿ ಚೀಲ. ಆಕ್ಸಿಲರೇಟರ್ ಅರ್ಧಕ್ಕಿಂತ ಜಾಸ್ತಿ ತಿರುಗಿಸಿ, ಕ್ಲಚ್ಚನ್ನು ಬಹಳ ಹೊತ್ತು ಉಜ್ಜಿಯೇ ಎಬ್ಬಿಸಬೇಕಾಯಿತು. ಎದ್ದಿತು. ಆದರೆ ಕ್ಲಚ್ ಪ್ಲೇಟ್ ಬಿಸಿಯಾದ ವಾಸನೆ ಬಂತು. ದಿನಾ ಇದೇ ಮಾಡಿದರೆ ಕ್ಲಚ್ ಎಷ್ಟು ದಿನ ಬಂದೀತು? ಅಪ್ಪ ಇಳಿದು, “ಇದು ನಿನಗೊಬ್ಬಳಿಗೆ ಸರಿ, ನಮಗಿಬ್ಬರಿಗೆ ಸಾಲದು” ಅಂದರು. ಬೈಕು ಓಡಿಸಲು ಬಾರದ ಮನುಷ್ಯ ಸರಿಯಾಗಿಯೇ ಹೇಳಿದರು.

ಹಾಗೆ ಉಳಿದದ್ದು 125 ಮತ್ತು 150. ಇಲ್ಲಿ ತಲೆ ಬಿಸಿಯಾದದ್ದು ನಿಜ. ಹೋಂಡಾ ಶೈನ್, ಟಿವಿಎಸ್ ರೈಡರ್ ಎರಡರಲ್ಲೂ ಟಾರ್ಕ್ 11 ನ್ಯೂಟನ್ ಮೀಟರಿನ ಆಸುಪಾಸು, ಐದು ಗೇರು. ರೈಡರಿನ ಸೀಟು 780 ಮಿಲಿಮೀಟರ್, ನಾನು ಕೂತದ್ದರಲ್ಲಿ ಎಲ್ಲಕ್ಕಿಂತ ತಗ್ಗು. ಇಬ್ಬರನ್ನು ಹೊತ್ತು ಏರಿನಲ್ಲಿ ಎದ್ದು ಬರುವ ತಾಕತ್ತು 125ಕ್ಕೆ ಇದೆ. ಇಷ್ಟರಲ್ಲೇ ನಿಲ್ಲಿಸುವವಳಿದ್ದೆ. ನನ್ನನ್ನು ಮುಂದಕ್ಕೆ ತಳ್ಳಿದ್ದು ಇಂಜಿನ್ ಅಲ್ಲ, ಬ್ರೇಕು.

2019ರ ಏಪ್ರಿಲಿನಿಂದ 125 ಸಿಸಿ ದಾಟಿದ ಎಲ್ಲ ಹೊಸ ದ್ವಿಚಕ್ರ ವಾಹನಗಳಿಗೆ ಎಬಿಎಸ್ ಕಡ್ಡಾಯ ಮಾಡಿದರು. 125 ಮತ್ತು ಅದರ ಕೆಳಗಿನವಕ್ಕೆ ಸಿಬಿಎಸ್ ಇದ್ದರೆ ಸಾಕು ಅಂದರು. ಸಿಬಿಎಸ್ ಅಂದರೆ ಹಿಂದಿನ ಬ್ರೇಕ್ ಒತ್ತಿದಾಗ ಮುಂದಿನದ್ದೂ ಸ್ವಲ್ಪ ಹಿಡಿಯುವ ಏರ್ಪಾಡು. ಚಕ್ರ ಜಾಮ್ ಆಗುವುದನ್ನು ಅದು ತಡೆಯುವುದಿಲ್ಲ. ಎಬಿಎಸ್ ತಡೆಯುತ್ತದೆ. ಬ್ರೇಕನ್ನು ಕ್ಷಣಕ್ಷಣಕ್ಕೂ ಬಿಟ್ಟು ಹಿಡಿದು ಚಕ್ರ ಉರುಳುತ್ತಲೇ ಇರುವ ಹಾಗೆ ನೋಡಿಕೊಳ್ಳುತ್ತದೆ. ಹೊಸಬರು ಗಾಬರಿಯಾದರೆ ಬ್ರೇಕನ್ನು ಹಿಸುಕುವುದೇ ಜಾಸ್ತಿ. ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರ ಜಾಮ್ ಆದರೆ ಬೀಳುವುದೇ. ಮೊದಲ ಬೈಕಿಗೆ ಎಬಿಎಸ್ ಬೇಕೇ ಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದಕ್ಕಾಗಿ ಸ್ವಲ್ಪ ದುಡ್ಡು ಜಾಸ್ತಿಯಾದರೂ ಆಗಲಿ. 125ರಲ್ಲೂ ಎಬಿಎಸ್ ಇಲ್ಲವೆಂದಲ್ಲ. ಹೀರೋ ಎಕ್ಸ್‌ಟ್ರೀಮ್ 125ಆರ್‌ನಂಥ ಕೆಲವಲ್ಲಿ ಸಿಗುತ್ತದೆ, ಕೇಳಿ ನೋಡಬೇಕು.

ಎಫ್‌ಝೆಡ್ ನನ್ನ ಚೀಟಿಯ ಲೆಕ್ಕಕ್ಕೆ ಸರಿಯಾಗಿ ಕೂತಿತು. 12 ಎಚ್‌ಪಿ ಚಿಲ್ಲರೆ. ತೂಕ 136 ಕೆಜಿಯ ಹತ್ತಿರ. ಟಾರ್ಕ್ 13.3 ನ್ಯೂಟನ್ ಮೀಟರ್, ಅದೂ 5500 ಆರ್‌ಪಿಎಂನಲ್ಲೇ. ಸೀಟು 790 ಮಿಲಿಮೀಟರ್. ಮುಂದಿನ ಚಕ್ರಕ್ಕೆ ಎಬಿಎಸ್. ಬೋರ್, ಸ್ಟ್ರೋಕ್ ಎರಡೂ ಹೆಚ್ಚು ಕಡಿಮೆ ಸಮ, 57.3 ಮತ್ತು 57.9 ಮಿಲಿಮೀಟರ್. ಓಟಗಾರನೂ ಅಲ್ಲ, ಬರೀ ಹೊರುವ ಆಳೂ ಅಲ್ಲ.

ದುಡ್ಡಿನ ವಿಷಯದಲ್ಲೂ ಗೆರೆಗಳಿವೆ. ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಕಟ್ಟಬೇಕು. 2022ರಲ್ಲಿ ನಿಗದಿಯಾದ ದರದಂತೆ 75ರಿಂದ 150 ಸಿಸಿ ತನಕ 3851 ರೂಪಾಯಿ. 150 ದಾಟಿ 350ರ ತನಕ 7365. 350 ದಾಟಿದರೆ 15117. ಇದರ ಮೇಲೆ ತೆರಿಗೆ ಬೇರೆ. 149 ಸಿಸಿಗೂ 155 ಸಿಸಿಗೂ ವಿಮೆಯಲ್ಲಿ ಹತ್ತಿರ ಹತ್ತಿರ ದುಪ್ಪಟ್ಟು ವ್ಯತ್ಯಾಸ! ಜಿಎಸ್‌ಟಿಯ ಗೆರೆ 350ರಲ್ಲಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ತನಕ ಶೇ. 28ರಿಂದ 18ಕ್ಕೆ ಇಳಿಯಿತು, ಅದರಿಂದ ಮೇಲಿನವಕ್ಕೆ ಶೇ. 40 ಆಯಿತು. ಪೆಟ್ರೋಲು ಮಾತ್ರ ಅಡ್ಕಸ್ಥಳ ದಾಟಿ ಕರ್ನಾಟಕದ ಅಡ್ಯನಡ್ಕದ ಕಡೆ ಹೋದರೆ ನಮ್ಮಲ್ಲಿಗಿಂತ ಕಡಿಮೆ. ಗಡಿಯಲ್ಲಿರುವುದಕ್ಕೆ ಅಷ್ಟಾದರೂ ಲಾಭ ಬೇಡವೇ?

ಒಂದು ಶೋರೂಮಿನಲ್ಲಿ ಟೆಸ್ಟ್ ರೈಡ್ ಅಂದರೆ ಸರ್ವಿಸ್ ರೋಡಿನಲ್ಲಿ ಒಂದು ಸುತ್ತು, ಅಷ್ಟೇ. ಏರು ಇರುವ ಕಡೆ ಬಿಡಿ ಅಂದರೆ ಬೇಡ ಅಂದರು. “ಮೇಡಂ, ಇಷ್ಟು ದುಡ್ಡು ಹಾಕುವವರು 200 ನೋಡಿ” ಅಂತ ಹಿಂದೆ ಬಿದ್ದರು. ಅಲ್ಲಿಂದ ಹೊರಟೆ. ಇನ್ನೊಂದು ಕಡೆಯ ಹುಡುಗ ಒಳ್ಳೆಯವನು, ಪಕ್ಕದ ಗುಡ್ಡೆಯ ಏರಿನಲ್ಲಿ ತಾನೇ ಹಿಂದೆ ಕೂತು, “ಅಕ್ಕ, ಇಲ್ಲಿ ನಿಲ್ಲಿಸಿ ಎಬ್ಬಿಸಿ ನೋಡಿ” ಅಂದ. ಎಡಗಾಲು ಪೂರ್ತಿ ಊರಿತು. ಕ್ಲಚ್ ಹಿಡಿದದ್ದು ಕೈಗೆ ಸ್ಪಷ್ಟ ಗೊತ್ತಾಯಿತು. ಆಕ್ಸಿಲರೇಟರ್ ಸ್ವಲ್ಪವೇ ಸಾಕಾಯಿತು. ಇಳಿದು ಬೈಕನ್ನು ನಾನೇ ಹಿಂದಕ್ಕೆ ತಳ್ಳಿ, ತಿರುಗಿಸಿ ನಿಲ್ಲಿಸಿದೆ. ಅದೂ ಆಯಿತು. ಅಲ್ಲೇ ಮುಂಗಡ ಕೊಟ್ಟೆ.

ಮಾರ್ಚಿನಲ್ಲಿ ಬೈಕು ಬಂತು. ಮಳೆಗೆ ಮೊದಲು ಎರಡು ತಿಂಗಳಾದರೂ ಕೈಯಲ್ಲಿರಲಿ ಅಂತಲೇ ಆ ಸಮಯ ನೋಡಿದ್ದು. ಹೊಸಬರಿಗೆ ನಾನು ಇದನ್ನೂ ಹೇಳುತ್ತೇನೆ: ಮೇ ಕೊನೆಗೆ ಬೈಕು ತಗೊಳ್ಳಬೇಡಿ. ಶುರುವಿಗೆ ಇಂಜಿನ್ನನ್ನು ಜಾಸ್ತಿ ಎಳೆಯದೆ, ಒಂದೇ ವೇಗದಲ್ಲಿ ತುಂಬ ಹೊತ್ತು ಓಡಿಸದೆ, ಮೊದಲ ಸರ್ವಿಸ್ ಮುಗಿಸಿದೆ. ಅಪ್ಪನಿಗೂ ಐಎಸ್‌ಐ ಮುದ್ರೆಯ ಹೆಲ್ಮೆಟ್ ತಂದೆ. ಹಿಂದೆ ಕೂರುವವರಿಗೂ ಅದು ಕಡ್ಡಾಯ, ಚೆರ್ಕಳದ ತನಕ ಅವರು ಅದನ್ನು ತೆಗೆಯುವ ಹಾಗಿಲ್ಲ ಅಂತ ಮನೆಯಲ್ಲೇ ಹೇಳಿ ಆಗಿತ್ತು.

ಮಳೆಗಾಲದಲ್ಲಿ ಏರಿಗಿಂತ ಇಳಿಯುವುದೇ ಹೆಚ್ಚು ಜಾಗ್ರತೆಯ ಕೆಲಸ. ಫಸ್ಟ್ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು, ಕ್ಲಚ್ ಮುಟ್ಟದೆ ಇಳಿಯುತ್ತೇನೆ. ಇಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ, ಬ್ರೇಕು ನೆಪಕ್ಕೆ ಮಾತ್ರ. 150ರ ಇಂಜಿನ್ ಈ ಕೆಲಸಕ್ಕೆ ಹದವಾಗಿದೆ. ಹಾವಸೆಯ ಜಾಗದಲ್ಲಿ ಅಪ್ಪ ಇಳಿದು ನಡೆಯುತ್ತಾರೆ, ನಾನು ಒಬ್ಬಳೇ ದಾಟಿಸುತ್ತೇನೆ. ಲೀಟರಿಗೆ 45ರ ಆಚೀಚೆ ಸಿಗುತ್ತಿದೆ. ಚೆರ್ಕಳದಿಂದ ಮುಂದೆ ಬಸ್ಸಿನ ಹಿಂದೆಯೇ ನಿಧಾನ ಹೋದರೂ ಇಂಜಿನ್ ಗೊಣಗುವುದಿಲ್ಲ.

ಈಗ ಕುಂಬಳೆಯಲ್ಲಿರುವ ಚಿಕ್ಕಮ್ಮನ ಮಗಳು ಲರ್ನರ್ಸ್ ತೆಗೆದಿದ್ದಾಳೆ. ಅಕ್ಕನ ಬೈಕೇ ತನಗೂ ಆಗಬೇಕು ಅಂತ ಹಟ. ಅವಳಿರುವುದು ಸಪಾಟು ಊರು, ಹೋಗುವುದು ಒಬ್ಬಳೇ ಸೀತಾಂಗೋಳಿಯ ತನಕ, ಎತ್ತರ ನನಗಿಂತ ಎರಡಿಂಚು ಕಡಿಮೆ. ಅವಳಿಗೆ ನಾನು ಹೇಳಿದ್ದು ಎಬಿಎಸ್ ಇರುವ 125. ಬರುವ ಭಾನುವಾರ ಇಬ್ಬರೂ ಹೋಗಿ ಸೀಟಿನ ಮೇಲೆ ಕೂತು ಕಾಲೂರಿ ನೋಡುವವರಿದ್ದೇವೆ. ಊರದಿದ್ದರೆ ಮುಂದಿನ ಶೋರೂಮು.